ಗಂಟೆಗೆ 7 ಕಿಲೋಮೀಟರಿನ ಗೋಡೆ

ಎರಡೂವರೆ ಮೀಟರ್ ಉದ್ದದ ಒಂದು ಬೋರ್ಡ್ ನೀರನ್ನು ಸೀಳಿಕೊಂಡು ಹೋಗುತ್ತಿದೆ ಎಂದುಕೊಳ್ಳಿ. ವೇಗ ಗಂಟೆಗೆ 7 ಕಿಲೋಮೀಟರ್ ಆಸುಪಾಸಿಗೆ ಬರುವವರೆಗೆ ಎಲ್ಲವೂ ಸಲೀಸು. ತಳ್ಳಿದಷ್ಟೂ ಓಡುತ್ತದೆ. ಅಲ್ಲಿಂದ ಮುಂದೆ ಮಾತ್ರ ಬಲ ಹೆಚ್ಚಿಸಿದರೂ ವೇಗ ಹೆಚ್ಚುವುದೇ ಇಲ್ಲ. ಮುಂದುಗಡೆ ಎದ್ದ ಅಲೆ ದೊಡ್ಡದಾಗುತ್ತದೆ, ಬೋರ್ಡಿನ ಮೂಗು ಮೇಲೇಳುತ್ತದೆ, ಬಾಲ ಮುಳುಗುತ್ತದೆ. ತಾನೇ ಎಬ್ಬಿಸಿದ ಅಲೆಯ ಏರನ್ನು ಹತ್ತಲಾರದೆ ಬೋರ್ಡ್ ಅಲ್ಲೇ ಏದುಸಿರು ಬಿಡುತ್ತದೆ. ವಿಂಡ್‌ಸರ್ಫಿಂಗ್ ಕಲಿಯಲು ಹೋದವರು ಬಹಳ ದಿನ ಈ ಗೋಡೆಯ ಈಚೆಗೇ ಉಳಿದಿರುತ್ತಾರೆ. ಗೋಡೆ ದಾಟಿದ ಮೇಲೆ ಸಿಗುವ ಓಟಕ್ಕೆ ಪ್ಲೇನಿಂಗ್ ಎಂದು ಹೆಸರು.

ಪ್ಲೇನಿಂಗ್ ಎಂದರೆ ಏನೆಂದು ತಿಳಿಯಲು ಕಡಲಿಗೇ ಹೋಗಬೇಕಿಲ್ಲ. ಕೆರೆಯ ದಂಡೆಯಲ್ಲಿ ನಿಂತು ಚಪ್ಪಟೆ ಕಲ್ಲನ್ನು ನೀರಿಗೆ ಓರೆಯಾಗಿ ಬೀಸಿ ಎಸೆದವರಿಗೆಲ್ಲ ಅದು ಗೊತ್ತು. ಕಲ್ಲು ತೇಲುವ ವಸ್ತುವಲ್ಲ. ಆದರೂ ಕಪ್ಪೆಯಂತೆ ಜಿಗಿಯುತ್ತಾ ಹೋಗುತ್ತದೆ, ವೇಗ ಇರುವಷ್ಟು ಹೊತ್ತು ಮುಳುಗುವುದಿಲ್ಲ. ಚಪ್ಪಟೆ ತಳ ನೀರನ್ನು ಕೆಳಕ್ಕೆ ಒತ್ತುತ್ತದೆ, ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಬೋರ್ಡಿಗೂ ಅದೇ ನಿಯಮ. ಗೋಡೆಯ ಈಚೆ ಇರುವಾಗ ಬೋರ್ಡನ್ನು ಹೊತ್ತಿರುವುದು ಆರ್ಕಿಮಿಡೀಸನ ಉತ್ಪ್ಲವನ. ಆಚೆ ಹೋದ ಮೇಲೆ ಹೆಚ್ಚಿನ ಪಾಲು ಹೊರುವುದು ವೇಗವೇ. ನೀರಿಗೆ ತಾಗಿಕೊಂಡ ಜಾಗ ಕಡಿಮೆಯಾಗುತ್ತದೆ, ಎಳೆತ ಇಳಿಯುತ್ತದೆ. ಫ್ರಾನ್ಸಿನ ಆಂಟ್ವಾನ್ ಆಲ್ಬೋ 2015ರಲ್ಲಿ ನಮೀಬಿಯಾದ ಲ್ಯೂಡರಿಟ್ಸ್‌ನಲ್ಲಿ, ವೇಗದ ಓಟಕ್ಕೆಂದೇ ತೋಡಿದ ಕಾಲುವೆಯಲ್ಲಿ, 53.27 ನಾಟ್ ವೇಗ ದಾಖಲಿಸಿದರು. ನಮ್ಮ ಲೆಕ್ಕದಲ್ಲಿ ಗಂಟೆಗೆ 98 ಕಿಲೋಮೀಟರಿಗೂ ಹೆಚ್ಚು. ಎಂಜಿನ್ ಇಲ್ಲ, ಪೆಟ್ರೋಲ್ ಇಲ್ಲ. ಒಂದು ಹಲಗೆ, ಒಂದು ಹಾಯಿ, ಒಬ್ಬ ಮನುಷ್ಯ, ಅಷ್ಟೇ.

ಮೆಕ್ಯಾನಿಕಲ್ ಬಿ.ಇ. ಓದುವವರಿಗೆ ಆ 7 ಕಿಲೋಮೀಟರ್ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಗೊತ್ತಿರಬೇಕು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಡೈಮೆನ್ಷನಲ್ ಅನಾಲಿಸಿಸ್ ಅಧ್ಯಾಯದ ಕೊನೆಗೆ ಫ್ರೌಡ್ ಸಂಖ್ಯೆ ಬರುತ್ತದಲ್ಲ, ಅದೇ. ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1872ರ ಹೊತ್ತಿಗೆ ಟಾರ್ಕಿಯಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಅದರಲ್ಲಿ ಹಡಗಿನ ಪುಟ್ಟ ಮಾದರಿಗಳನ್ನು ಎಳೆದು ಅವು ಎಬ್ಬಿಸುವ ಅಲೆಗಳನ್ನು ಅಳೆದ. ಅಲೆಯ ವೇಗ ಅದರ ಉದ್ದವನ್ನು ಅವಲಂಬಿಸಿದೆ. ಉದ್ದವನ್ನು ಗುರುತ್ವದಿಂದ ಗುಣಿಸಿ, ಎರಡು ಪೈಯಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಎರಡೂವರೆ ಮೀಟರಿಗೆ ಸೆಕೆಂಡಿಗೆ ಹೆಚ್ಚುಕಡಿಮೆ 2 ಮೀಟರ್ ಬರುತ್ತದೆ. ಬೋರ್ಡ್ ಆ ವೇಗಕ್ಕೆ ಬಂದಾಗ ಅದು ಎಬ್ಬಿಸಿದ ಅಲೆ ಬೋರ್ಡಿನಷ್ಟೇ ಉದ್ದವಾಗಿ, ಮೂಗಿನ ಹತ್ತಿರ ಒಂದು ದಿಬ್ಬ, ಬಾಲದ ಹತ್ತಿರ ಒಂದು ದಿಬ್ಬ, ನಡುವೆ ಗುಂಡಿ. ಆ ಗುಂಡಿಯಲ್ಲಿ ಬೋರ್ಡ್ ಕೂತಿರುತ್ತದೆ. ಅಧ್ಯಾಯ ಓದಿ ನಾವೆಲ್ಲ ಅಂಕ ತೆಗೆದಿದ್ದೇವೆ. ಆದರೆ ನನ್ನ ಕ್ಲಾಸಿನ ಅರವತ್ತು ಜನರಲ್ಲಿ ಆ ಗುಂಡಿಯನ್ನು ಕಾಲಡಿಯಲ್ಲಿ ಅನುಭವಿಸಿದವರು ಎಷ್ಟು ಜನ ಎಂದರೆ, ಕಡಲು ಕಾಣುವ ಊರಿನ ಕಾಲೇಜಾದರೂ, ಸೊನ್ನೆಗೆ ಬಹಳ ಹತ್ತಿರದ ಸಂಖ್ಯೆ.

ನಾನು ಕಾರವಾರದ ಹುಡುಗಿ. ನನ್ನ ಅತ್ತೆಯ ಮನೆ ವಾಸ್ಕೊದಲ್ಲಿ. ಕನ್ನಡದವರು ತುಂಬಾ ಇರುವ ಊರು ಅದು. ರಜೆ ಸಿಕ್ಕಾಗೆಲ್ಲ ಮಡಗಾಂವ್‌ಗೆ ರೈಲು, ಅಲ್ಲಿಂದ ಬಸ್ಸು. ಮುರ್ಮಗೋವಾ ಬಂದರಿನ ಕಡೆ ನಿಂತರೆ ನೀರಿನ ಆಚೆ ದೋನಾ ಪಾವ್ಲಾ ಕಾಣುತ್ತದೆ, ರಸ್ತೆಯಲ್ಲಿ ಹೋಗಬೇಕಾದರೆ ಮಾತ್ರ ಜುವಾರಿ ಸೇತುವೆ ಸುತ್ತಿಕೊಂಡು ಹೋಗಬೇಕು. ಜುವಾರಿ ನದಿ ಕಡಲು ಸೇರುವ ಆ ಕಡೆಯ ನೀರಿನಲ್ಲಿ ಹಾಯಿಗಳು ಓಡುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಕಳೆದ ನವೆಂಬರಿನಿಂದ ಕಲಿಯಲು ಹೋಗುತ್ತಿದ್ದೇನೆ. ಹತ್ತನೇ ತರಗತಿಯ ಇಬ್ಬರು ಮಕ್ಕಳಿಗೆ ಗಣಿತ ಹೇಳಿಕೊಟ್ಟ ದುಡ್ಡು ಬಾಡಿಗೆಗೆ ಸರಿಹೋಗುತ್ತದೆ. ಅತ್ತೆಗೆ ಎರಡು ಚಿಂತೆ. ಒಂದು, ನಾನು ಬಿಸಿಲಿಗೆ ಕಪ್ಪಾಗುವುದು. ಎರಡನೆಯದನ್ನು ಅವರು ಪ್ರತಿ ಸಲ ಊಟಕ್ಕೆ ಬಡಿಸುವಾಗ ಕೇಳುತ್ತಾರೆ: “ಇದ್ರಿಂದ ಎಂತ ಸಿಗ್ತದೆ ಮಾರಾಯ್ತಿ? ಕೆಲ್ಸ ಸಿಗ್ತದಾ?”

ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಸಲಕರಣೆ. ವಿಂಡ್‌ಸರ್ಫಿಂಗ್ ಬೋರ್ಡಿಗೆ ಚುಕ್ಕಾಣಿ ಇಲ್ಲ. ಹಾಯಿ ಕಟ್ಟಿದ ಕಂಬ ಬೋರ್ಡಿಗೆ ಸೇರುವ ಕಡೆ ಒಂದು ಯೂನಿವರ್ಸಲ್ ಜಾಯಿಂಟ್ ಇದೆ. ಕೈನೆಮ್ಯಾಟಿಕ್ಸ್ ಪರೀಕ್ಷೆಗೆ ಹುಕ್ಸ್ ಜಾಯಿಂಟ್ ಎಂದು ಚಿತ್ರ ಬರೆದಿದ್ದೀರಲ್ಲ, ಅದರ ನೆಂಟ. ಕಂಬವನ್ನು ಯಾವ ದಿಕ್ಕಿಗೆ ಬೇಕಾದರೂ ವಾಲಿಸಬಹುದು. ಮುಂದಕ್ಕೆ ವಾಲಿಸಿದರೆ ಬೋರ್ಡಿನ ಮೂಗು ಗಾಳಿಗೆ ಬೆನ್ನು ಮಾಡಿ ತಿರುಗುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಯ ಕಡೆಗೆ ಮುಖ ಮಾಡುತ್ತದೆ. ಹಾಯಿಯೇ ಎಂಜಿನ್, ಹಾಯಿಯೇ ಸ್ಟೀರಿಂಗ್. ಅಮೆರಿಕದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ ಇದಕ್ಕೆ 1968ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಡ್ರೇಕ್ ವಿಮಾನ ಕ್ಷೇತ್ರದ ಎಂಜಿನಿಯರ್. ತಮಾಷೆ ಎಂದರೆ, ಇಂಗ್ಲೆಂಡಿನ ಹೇಲಿಂಗ್ ದ್ವೀಪದಲ್ಲಿ ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡು ವರ್ಷದ ಹುಡುಗ 1958ರಲ್ಲೇ ಇಂಥದ್ದೊಂದನ್ನು ಮಾಡಿಕೊಂಡು ಆಡಿದ್ದ. ಪೇಟೆಂಟ್ ಜಗಳ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯಕ್ಕೆ ಹೋದಾಗ, 1985ರಲ್ಲಿ, ಆ ಹುಡುಗನ ಬೋರ್ಡೇ ಪೇಟೆಂಟನ್ನು ಬೀಳಿಸಿತು. ಪೇಟೆಂಟ್ ಕಾನೂನು ಓದುವವರು ಇಂದಿಗೂ ಆ ತೀರ್ಪನ್ನು ಓದುತ್ತಾರೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಹೊಸದೇನೂ ಹೊಳೆಯುತ್ತಿಲ್ಲ ಎಂದು ಗೋಳಾಡುವವರಿಗೆ ಈ ಹನ್ನೆರಡು ವರ್ಷದ ಹುಡುಗನ ಕಥೆ ಹೇಳುವುದು ನನ್ನ ಚಟ.

ಈಗ ಗೋಡೆ ದಾಟುವ ವಿಷಯ. ಪುಸ್ತಕದಲ್ಲಿ ಓದಿದರೆ ಆರು ಸಾಲು. ನೀರಿನಲ್ಲಿ ಅದು ಆರು ತಿಂಗಳು.

ಗಾಳಿ ಪಕ್ಕದಿಂದ ಬೀಸುತ್ತಿರುವಾಗ ಬೋರ್ಡ್ ನಿಧಾನವಾಗಿ ನೀರು ಸೀಳುತ್ತಾ ಹೋಗುತ್ತಿರುತ್ತದೆ. ಕಾಲಡಿಯಲ್ಲಿ ಗುಳುಗುಳು ಸದ್ದು, ಹಿಂದೆ ಕದಡಿದ ನೀರು. ಗಾಳಿ ಬರುವ ಕಡೆ ಕಣ್ಣಿಟ್ಟಿರಬೇಕು. ದೂರದಲ್ಲಿ ನೀರಿನ ಮೇಲೆ ಕಪ್ಪು ತೇಪೆಯೊಂದು ಓಡಿ ಬರುವುದು ಕಾಣುತ್ತದೆ. ಅದು ಬೀಸುಗಾಳಿ, ಸುತ್ತಲಿನದಕ್ಕಿಂತ ಜೋರಿನದು. ಅದು ಬಂದು ಹಾಯಿಗೆ ಬಡಿದಾಗ ದೇಹ ತಾನಾಗಿ ಮಾಡುವುದು ಏನೆಂದರೆ ಹಿಂದಕ್ಕೆ ವಾಲುವುದು. ಯಾರಿಗೆ ಬೇಕಾದರೂ ಹೀಗೇ ಆಗುತ್ತದೆ. ಯಾರೋ ಕೈ ಹಿಡಿದು ಎಳೆದರೆ ನಾವು ಹಿಮ್ಮಡಿ ಊರುವುದಿಲ್ಲವೇ? ಆದರೆ ಇಲ್ಲಿ ಹಿಮ್ಮಡಿ ಊರಿದರೆ ತೂಕ ಬಾಲಕ್ಕೆ ಬೀಳುತ್ತದೆ. ಬಾಲ ಮುಳುಗಿ ಮೂಗು ಎದ್ದು, ಮೊದಲೇ ಏರು ಹತ್ತಲಾರದ ಬೋರ್ಡಿಗೆ ಏರು ಇನ್ನಷ್ಟು ಕಡಿದಾಗುತ್ತದೆ.

ಮಾಡಬೇಕಾದ್ದು ಇದರ ತದ್ವಿರುದ್ಧ. ಮುಂದಿನ ಕಾಲು ಕಂಬದ ಬುಡದ ಹತ್ತಿರ, ಬೆರಳು ಮುಂದಕ್ಕೆ ಮಾಡಿ, ಮಂಡಿ ನೇರ. ಮೈಭಾರವನ್ನು ಕಾಲಿನಿಂದ ತೆಗೆದು ಕೈಗಳ ಮೂಲಕ ಬೂಮ್‌ಗೆ ತೂಗುಹಾಕಬೇಕು. ಬೂಮ್ ಎಂದರೆ ಹಾಯಿಯ ಅಡ್ಡಕ್ಕೆ ಇರುವ ಹಿಡಿ. ಅಲ್ಲಿ ಜೋತುಬಿದ್ದ ಭಾರ ಕಂಬದ ಮೂಲಕ ಇಳಿದು ಬೋರ್ಡಿನ ನಡುವಿಗೆ, ಮುಂದಕ್ಕೆ ಬರುತ್ತದೆ. ಮೂಗು ಕೆಳಗಿಳಿಯುತ್ತದೆ. ಅದೇ ಹೊತ್ತಿಗೆ ಹಾಯಿಯನ್ನು ಮುಂದಕ್ಕೆ ವಾಲಿಸಿ ಬೋರ್ಡನ್ನು ಗಾಳಿಯಿಂದ ಸ್ವಲ್ಪ ಆಚೆ ತಿರುಗಿಸಬೇಕು, ಗಾಳಿ ಪಕ್ಕದಿಂದಲ್ಲದೆ ಪಕ್ಕ-ಹಿಂದಿನಿಂದ ಬರುವ ಹಾಗೆ. ಭಯಕ್ಕೂ ಬೇಡವೆನಿಸುವ ದಿಕ್ಕು ಅದು, ಯಾಕೆಂದರೆ ಅತಿ ಹೆಚ್ಚು ಎಳೆತ ಇರುವುದೇ ಆ ಕಡೆ. ಆಗ ಹಾಯಿಯನ್ನು ಎರಡು ಮೂರು ಸಲ ಬೀಸಣಿಗೆಯಂತೆ ಎಳೆದು ಬಿಟ್ಟು ಎಳೆಯಬೇಕು. ಇದಕ್ಕೆ ಪಂಪಿಂಗ್ ಎನ್ನುತ್ತಾರೆ. ಎಲ್ಲ ಕೂಡಿಬಂದರೆ ಬೋರ್ಡ್ ಒಂದು ಮೆಟ್ಟಿಲು ಹತ್ತಿದಂತೆ ಮೇಲೇಳುತ್ತದೆ.

ಮೊದಲು ಗೊತ್ತಾಗುವುದು ಕಿವಿಗೆ. ಗುಳುಗುಳು ನಿಂತು, ಬಟ್ಟೆ ಹರಿದಂಥ ಒಂದು ಸರ್ರೆನ್ನುವ ಸದ್ದು. ಹಿಂದೆ ನೋಡಿದರೆ ಕದಡಿದ ನೀರಿನ ಬದಲು ಚಪ್ಪಟೆಯಾದ ಒಂದು ಗೆರೆ. ಸಣ್ಣ ಅಲೆಗಳು ಬೋರ್ಡಿನ ತಳಕ್ಕೆ ಚಟಚಟ ಬಡಿಯುತ್ತವೆ. ಮತ್ತು ಒಂದು ವಿಚಿತ್ರ: ಜೋರಾಗಿ ಎಳೆಯುತ್ತಿದ್ದ ಹಾಯಿ ಹಗುರಾಗುತ್ತದೆ. ಬೈಕಿನಲ್ಲಿ ಹೋಗುವಾಗ ಗಾಳಿ ಯಾವ ಕಡೆ ಬೀಸುತ್ತಿದ್ದರೂ ಎದುರಿನಿಂದಲೇ ಬಡಿದಂತೆ ಅನ್ನಿಸುವುದಿಲ್ಲವೇ, ಹಾಗೆ ಬೋರ್ಡ್ ಓಡತೊಡಗಿದಾಗ ಹಾಯಿಗೆ ಸಿಗುವ ಗಾಳಿ ಮುಂದಕ್ಕೆ ಸರಿಯುತ್ತದೆ. ಹಿಂದಿನ ಕೈಯಿಂದ ಹಾಯಿಯನ್ನು ಒಳಕ್ಕೆ ಎಳೆದುಕೊಳ್ಳದಿದ್ದರೆ ಗಾಳಿ ಸೋರಿಹೋಗಿ ಬೋರ್ಡ್ ಮತ್ತೆ ಗುಂಡಿಗೆ ಬೀಳುತ್ತದೆ. ಸೊಂಟಕ್ಕೆ ಕಟ್ಟಿದ ಹಾರ್ನೆಸ್‌ನ ಕೊಕ್ಕೆಯನ್ನು ಬೂಮ್‌ನ ಹಗ್ಗಕ್ಕೆ ಸಿಕ್ಕಿಸುವುದು, ಮುಂದಿನ ಕಾಲನ್ನು ನಿಧಾನಕ್ಕೆ ಹಿಂದೆ ತಂದು ಪಟ್ಟಿಯೊಳಗೆ ತೂರಿಸುವುದು, ಆಮೇಲೆ ಹಿಂದಿನ ಕಾಲು, ಇವೆಲ್ಲ ಈ ಸದ್ದು ಬದಲಾದ ನಂತರದ ಕೆಲಸಗಳು. ಬೋರ್ಡ್ ಏಳುವ ಮೊದಲೇ ಹಿಂದಿನ ಕಾಲನ್ನು ಪಟ್ಟಿಗೆ ಹಾಕಲು ಹೋದರೆ ಬಾಲ ಮುಳುಗಿ ಕಥೆ ಮುಗಿಯಿತು. ಕೊಕ್ಕೆ ಹಾಕಿಕೊಂಡು ಮೈ ಸಡಿಲ ಬಿಟ್ಟಾಗ ಬೀಸುಗಾಳಿ ಬಂದರೆ ಕವಣೆಕಲ್ಲಿನ ಹಾಗೆ ಹಾಯಿಯ ಮೇಲಿಂದ ಮುಂದಕ್ಕೆ ಎಸೆಯಲ್ಪಡುತ್ತೀರಿ. ಅದು ಎಲ್ಲರಿಗೂ ಆಗುವುದೇ. ಹೆಲ್ಮೆಟ್ ಮತ್ತು ಲೈಫ್ ಜಾಕೆಟ್ ಇಲ್ಲದೆ ಅದನ್ನು ಅನುಭವಿಸಬೇಡಿ.

ಇಷ್ಟು ಕಲಿತರೆ ಗೋಡೆ ದಾಟಿದಂತೆಯೇ? ಇಲ್ಲಿ ಅಸಲು ವಿಷಯ ಇದೆ, ಮತ್ತು ನಾನು ಈ ಲೇಖನ ಬರೆಯಲು ಕಾರಣವೂ ಅದೇ.

ಗಾಳಿ ಗಂಟೆಗೆ 15 ಕಿಲೋಮೀಟರ್, ಅಂದರೆ 8 ನಾಟ್ ಇದ್ದರೆ, ನಾವು ಬಳಸುವಂಥ ಫಿನ್ ಬೋರ್ಡಿನ ಮೇಲೆ ಯಾರೂ ಪ್ಲೇನಿಂಗ್ ಮಾಡಲಾರರು. ಇಪ್ಪತ್ತು ವರ್ಷದಿಂದ ಆಡುವವರೂ ಅಷ್ಟೇ, ನಿನ್ನೆ ಬಂದವರೂ ಅಷ್ಟೇ. ಹಾಯಿಯ ಮೇಲಿನ ಬಲ ಗಾಳಿಯ ವೇಗದ ವರ್ಗಕ್ಕೆ ಅನುಗುಣ. 8 ನಾಟ್ 12 ಆದರೆ ಬಲ ಎರಡು ಪಟ್ಟಿಗೂ ಹೆಚ್ಚು, 16 ಆದರೆ ನಾಲ್ಕು ಪಟ್ಟು. ನಮ್ಮ ಕರಾವಳಿಯಲ್ಲಿ ಫೆಬ್ರುವರಿಯಿಂದ ಮೇವರೆಗೆ ಬೆಳಿಗ್ಗೆ ನೀರು ಕನ್ನಡಿಯಂತೆ ಇರುತ್ತದೆ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ವಾಯವ್ಯದ ಕಡಲಗಾಳಿ ಏಳುತ್ತದೆ. ಅಲೆಯ ನೆತ್ತಿಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಕಂಡರೆ 11–12 ನಾಟ್ ಇದೆ ಎಂದು ಲೆಕ್ಕ. ಬಿಳಿ ಕಾಣದ ದಿನ ನಮಗೆ ಕಲಿಸುವ ಸರ್ ಬೋರ್ಡನ್ನು ನೀರಿಗೇ ಇಳಿಸದೆ ನೆರಳಿನಲ್ಲಿ ಕೂತು ಫಿನ್ನಿನ ಅಂಚನ್ನು ಮರಳುಕಾಗದದಿಂದ ಉಜ್ಜುತ್ತಾರೆ. “ಇವತ್ತು ಆಗುವುದಿಲ್ಲ” ಎಂದು ಕೊಂಕಣಿಯಲ್ಲಿ ಹೇಳುತ್ತಾರೆ. ಅವರ ದನಿಯಲ್ಲಿ ನಾಚಿಕೆಯೂ ಇರುವುದಿಲ್ಲ, ಕ್ಷಮೆಯೂ ಇರುವುದಿಲ್ಲ.

ನಮ್ಮ ಕಾಲೇಜುಗಳಲ್ಲಿ ಆರನೇ ಸೆಮಿಸ್ಟರ್ ಬಂದರೆ ಪ್ಲೇಸ್‌ಮೆಂಟ್ ತರಬೇತಿ ಶುರು. ಅಲ್ಲಿ ಬರುವ ಭಾಷಣಕಾರರಿಗೆ ನೀರಿನ ಉದಾಹರಣೆ ಎಂದರೆ ಪ್ರಾಣ. 99 ಡಿಗ್ರಿಯಲ್ಲಿ ನೀರು ಬರೀ ಬಿಸಿ, ಇನ್ನೊಂದು ಡಿಗ್ರಿ ಸೇರಿಸಿದರೆ ಆವಿ, ಆವಿ ರೈಲು ಎಳೆಯುತ್ತದೆ, ಆ ಒಂದು ಡಿಗ್ರಿ ನಿಮ್ಮ ಪ್ರಯತ್ನ. ಹೀಗೆ ನಡೆಯುತ್ತದೆ ಭಾಷಣ. (ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ ಎಂದು ಥರ್ಮೋಡೈನಮಿಕ್ಸ್ ಓದಿದವರು ಗೊಣಗುವುದು ಬೇರೆ ಮಾತು.) ಪ್ಲೇನಿಂಗ್ ಬಗ್ಗೆ ಅವರಿಗೆ ತಿಳಿದಿದ್ದರೆ ಖಂಡಿತ ಅದನ್ನೂ ಬಳಸುತ್ತಿದ್ದರು: ಗೋಡೆಯ ಹತ್ತಿರ ಹೋಗಿ ಕೈ ಬಿಡಬೇಡಿ, ಇನ್ನೊಂದು ತಳ್ಳು ತಳ್ಳಿದರೆ ಹಾರುತ್ತೀರಿ. ಕೇಳಲು ಚೆನ್ನಾಗಿದೆ. ಗಾಳಿಯ ಮಾತೇ ಅದರಲ್ಲಿ ಇಲ್ಲ.

ನನ್ನ ಗೆಳತಿಯೊಬ್ಬಳ ಅಕ್ಕ ನಮಗಿಂತ ಎರಡು ವರ್ಷ ಮುಂದೆ ಪಾಸಾದವರು. ಕ್ಲಾಸಿಗೆ ಎರಡನೆಯವರಾಗಿದ್ದರು. ಅವರ ವರ್ಷ ಕ್ಯಾಂಪಸ್ಸಿಗೆ ಬಂದ ಕಂಪನಿಗಳೇ ಬೆರಳೆಣಿಕೆ. ಅದರ ಹಿಂದಿನ ವರ್ಷದಲ್ಲಿ ಬ್ಯಾಕ್‌ಲಾಗ್ ಇದ್ದವರಿಗೂ ಆಫರ್ ಲೆಟರ್ ಬಂದಿತ್ತು. ಅದೇ ಸಿಲೆಬಸ್, ಅದೇ ಮೇಷ್ಟ್ರು, ಅದೇ ಲ್ಯಾಬು. ಬದಲಾಗಿದ್ದು ಗಾಳಿ. ಆ ಅಕ್ಕ ಹದಿನಾಲ್ಕು ಕಡೆ ಸಂದರ್ಶನಕ್ಕೆ ಹೋಗಿ ಬಂದ ಮೇಲೆ ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ‘ಎಲ್ಲಿ ಕೆಲಸ’ ಎಂದು ಕೇಳುವವರಿಗಿಂತ ‘ಇನ್ನೂ ಸ್ವಲ್ಪ ಪ್ರಯತ್ನ ಮಾಡಬೇಕಮ್ಮ’ ಎನ್ನುವವರಿಗೆ ಅವರು ಹೆದರುತ್ತಾರೆ. 8 ನಾಟ್ ಗಾಳಿಯಲ್ಲಿ ನಿಂತವರಿಗೆ ಸೋಮಾರಿ ಎಂಬ ಹಣೆಪಟ್ಟಿ ಅಂಟಿಸುವುದು ಲೆಕ್ಕ ಗೊತ್ತಿಲ್ಲದವರ ಕೆಲಸ. ಎಂಜಿನಿಯರಿಂಗ್ ಕಲಿಸುವ ಜಾಗದಲ್ಲೇ ಅದು ನಡೆಯುವುದು ನನಗೆ ಸಹಿಸಲಾಗದ ಸಂಗತಿ.

ಇನ್ನೊಂದು ಇದೆ. ಒಂದೇ ಗಾಳಿಯಲ್ಲಿ ಇಬ್ಬರು ನಿಂತಿದ್ದರೂ ಗೋಡೆ ಇಬ್ಬರಿಗೂ ಒಂದೇ ಎತ್ತರದ್ದಲ್ಲ. ನನ್ನ ತೂಕ 52 ಕೆ.ಜಿ. 13 ನಾಟ್ ಗಾಳಿಯಲ್ಲಿ 6 ಚದರ ಮೀಟರಿನ ಹಾಯಿ ಹಿಡಿದು ನಾನು ಏಳಬಲ್ಲೆ. ನನ್ನ ಜೊತೆ ಕಲಿಯುವ 85 ಕೆ.ಜಿ.ಯ ಹುಡುಗ ಅದೇ ಹಾಯಿಯಲ್ಲಿ ಗುಂಡಿಯಲ್ಲೇ ಉಳಿಯುತ್ತಾನೆ. ಅವನಿಗೆ ಎಂಟರ ಹತ್ತಿರದ ಹಾಯಿ, ಅಗಲವಾದ ಬೋರ್ಡ್ ಬೇಕು. ಅವು ಬಾಡಿಗೆಗೆ ಸಿಗುವುದು ಕಷ್ಟ, ಕೊಳ್ಳುವುದು ಇನ್ನೂ ಕಷ್ಟ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, 2024ರಲ್ಲಿ, ಬಂದ ಐಕ್ಯೂಫಾಯಿಲ್ ಬೋರ್ಡುಗಳು ಇನ್ನೂ ಮುಂದೆ ಹೋಗಿವೆ. ಅವುಗಳ ಕೆಳಗೆ ನೀರಿನೊಳಗೆ ವಿಮಾನದ ರೆಕ್ಕೆಯಂಥದ್ದು ಇದೆ. ನಾವು ದಡದಲ್ಲಿ ಫಿನ್ ಉಜ್ಜುತ್ತಾ ಕೂರುವ ಗಾಳಿಯಲ್ಲೂ ಅವು ನೀರು ಬಿಟ್ಟು ಮೇಲೆದ್ದು ಓಡುತ್ತವೆ. ಗಾಳಿ ಅದೇ. ಕೈಯಲ್ಲಿರುವುದು ಬೇರೆ. ಬೆಂಗಳೂರಿನಲ್ಲಿ ಮನೆ ಇದ್ದು ಸಂಬಳವಿಲ್ಲದ ಇಂಟರ್ನ್‌ಶಿಪ್ಪಿಗೆ ಆರು ತಿಂಗಳು ಹೋಗಬಲ್ಲವರಿಗೂ, ಪಿ.ಜಿ. ಬಾಡಿಗೆಯ ಲೆಕ್ಕ ಹಾಕಿ ಹಿಂದೆ ಸರಿಯುವ ಅಂಕೋಲಾ, ಸಿದ್ದಾಪುರದ ಹುಡುಗ ಹುಡುಗಿಯರಿಗೂ ಇರುವ ವ್ಯತ್ಯಾಸ ಇದೇ ಬಗೆಯದು.

ಹಾಗಾದರೆ ಗಾಳಿಯನ್ನು ಬೈದುಕೊಂಡು ಮನೆಯಲ್ಲಿ ಕೂರುವುದೇ? ಸರ್ ಹಾಗೆ ಬಿಡುವವರಲ್ಲ. ಗಾಳಿ ಕಡಿಮೆಯಿದ್ದ ದಿನ ಅವರು ತಾವು ನೀರಿಗಿಳಿಯದಿದ್ದರೂ ನಮ್ಮನ್ನು ದೊಡ್ಡ ಬೋರ್ಡಿನ ಮೇಲೆ ಇಳಿಸುತ್ತಾರೆ. ನೀರಿಗೆ ಬಿದ್ದ ಹಾಯಿಯನ್ನು ಎತ್ತುವುದು, ತಿರುಗುವುದು, ಒಂದೇ ಕೈಯಲ್ಲಿ ಬೂಮ್ ಹಿಡಿಯುವುದು. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಬೀಸುಗಾಳಿ ಇರುವುದು ಕೆಲವೇ ಸೆಕೆಂಡು. ಅದು ಬಂದು ಹೋಗುವಷ್ಟರಲ್ಲಿ ಕಾಲು ಎಲ್ಲಿಡಬೇಕು ಎಂದು ಯೋಚಿಸುತ್ತಿದ್ದರೆ ಅದು ಮುಂದಿನವರ ಹಾಯಿಗೆ ಹೋಗಿರುತ್ತದೆ. ಹಾಂಕಾಂಗ್‌ನ ಲೀ ಲೈ-ಶಾನ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ವಿಂಡ್‌ಸರ್ಫಿಂಗ್ ಚಿನ್ನ ಗೆದ್ದರು. ಹಾಂಕಾಂಗ್‌ಗೆ ಬಂದ ಮೊದಲ ಒಲಿಂಪಿಕ್ ಪದಕ ಅದು. ಅವರು ಬೆಳೆದದ್ದು ಚೆಂಗ್ ಚಾವ್ ಎಂಬ ಮೀನುಗಾರರ ಪುಟ್ಟ ದ್ವೀಪದಲ್ಲಿ. ಕಲಿತದ್ದು ಅಲ್ಲೇ ವಿಂಡ್‌ಸರ್ಫಿಂಗ್ ಕೇಂದ್ರ ನಡೆಸುತ್ತಿದ್ದ ಅವರ ಮಾವನ ಹತ್ತಿರ. ಪ್ರತಿಭೆ, ದುಡಿಮೆ ಎರಡೂ ಇತ್ತು, ಸರಿ. ಕಡಲ ದಂಡೆಯಲ್ಲಿ ಬೋರ್ಡುಗಳನ್ನಿಟ್ಟುಕೊಂಡ ಮಾವನೂ ಇದ್ದರಲ್ಲ! ನಮ್ಮಲ್ಲಿ 300 ಕಿಲೋಮೀಟರಿಗೂ ಉದ್ದದ ಕರಾವಳಿ ಇದೆ. ಮುಲ್ಕಿ ಬಳಿಯ ಸಸಿಹಿತ್ಲುವಿನಲ್ಲಿ ಸರ್ಫಿಂಗ್ ಸ್ಪರ್ಧೆಗಳು ನಡೆಯುತ್ತವೆ, ಅಲ್ಲಿನ ಮಕ್ಕಳು ಅಲೆ ಏರುವುದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, 2023ರಲ್ಲಿ, ಎಬಾದ್ ಅಲಿ ವಿಂಡ್‌ಸರ್ಫಿಂಗ್‌ನಲ್ಲಿ ಭಾರತಕ್ಕೆ ಕಂಚು ತಂದರು. ಆದರೆ ಕರಾವಳಿಯ ನಮ್ಮ ಕಾಲೇಜುಗಳ ಕ್ರೀಡಾ ಕೊಠಡಿ ತೆರೆದರೆ ಸಿಗುವುದು ಕ್ರಿಕೆಟ್ ಕಿಟ್ಟು, ಗಾಳಿ ಹೋದ ವಾಲಿಬಾಲು. ನೀರಿಗಿಳಿಯಬೇಡಿ ಎಂಬ ಸುತ್ತೋಲೆ ಮಾತ್ರ ಪ್ರತಿ ವರ್ಷ ಬರುತ್ತದೆ. ಮುಳುಗಿ ಸತ್ತವರ ಸುದ್ದಿ ಓದಿದಾಗ ಆ ಸುತ್ತೋಲೆ ಯಾಕೆಂದು ಅರ್ಥವಾಗುತ್ತದೆ. ಈಜು ಕಲಿಸುವುದೂ ಅದಕ್ಕೆ ಉತ್ತರವಾಗಬಹುದಿತ್ತು.

ಗೋಡೆಯ ಬಗ್ಗೆ ನನಗೆ ಬಹಳ ಹಿಡಿಸಿದ ಸಂಗತಿಯನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಪ್ಲೇನಿಂಗ್‌ಗೆ ಏರಲು 13 ನಾಟ್ ಬೇಕಾದರೆ, ಏರಿದ ಮೇಲೆ ಅಲ್ಲೇ ಉಳಿಯಲು ಅಷ್ಟು ಬೇಡ. ಗಾಳಿ ಸ್ವಲ್ಪ ಇಳಿದರೂ ಬೋರ್ಡ್ ಓಡುತ್ತಲೇ ಇರುತ್ತದೆ, ಯಾಕೆಂದರೆ ಎಳೆತದ ದಿಬ್ಬವನ್ನು ಅದು ಆಗಲೇ ದಾಟಿದೆ. ಅದೇ ಗಾಳಿಯಲ್ಲಿ ಗುಂಡಿಯೊಳಗಿರುವವರು ಏಳಲಾರರು. ಪಕ್ಕಪಕ್ಕದಲ್ಲಿ, ಒಂದೇ ಗಾಳಿಯಲ್ಲಿ, ಒಬ್ಬರು ಓಡುತ್ತಿರುತ್ತಾರೆ, ಇನ್ನೊಬ್ಬರು ತೆವಳುತ್ತಿರುತ್ತಾರೆ. ನೋಡಿದವರು ಓಡುವವರೇ ಜಾಣರು ಎಂದು ತೀರ್ಮಾನಿಸಬಹುದು. ಅವರು ಅರ್ಧ ನಿಮಿಷದ ಹಿಂದೆ ಬಂದ ಬೀಸುಗಾಳಿಗೆ ಸಿಕ್ಕಿದವರು, ಅಷ್ಟೇ ಇರಬಹುದು. ಮೊದಲ ಕೆಲಸ ಸಿಕ್ಕವರಿಗೆ ಎರಡನೆಯದು ಸಲೀಸು, ಮೊದಲನೆಯದೇ ಸಿಗದವರಿಗೆ ಜಾಹೀರಾತುಗಳಲ್ಲಿ ಕಾಣುವುದು ‘ಹೊಸಬರು ಅರ್ಜಿ ಹಾಕಬಹುದು, ಎರಡು ವರ್ಷದ ಅನುಭವ ಕಡ್ಡಾಯ’ ಎಂಬ ಸಾಲು. ಅದನ್ನು ಬರೆದವರು ಎಂದಾದರೂ ಅದನ್ನು ಗಟ್ಟಿಯಾಗಿ ಓದಿಕೊಂಡಿದ್ದಾರೆಯೇ?

ವಿಂಡ್‌ಸರ್ಫಿಂಗ್‌ನಲ್ಲಿ ಹೊಸಬರಿಗೆ 90 ಲೀಟರಿನ ಬೋರ್ಡ್ ಕೊಟ್ಟು ‘ಏಳು ನೋಡೋಣ’ ಎನ್ನುವ ಶಿಕ್ಷಕರು ಇಲ್ಲ. ಮೊದಲು 200 ಲೀಟರಿನ ಬೋರ್ಡ್. ಲೀಟರಿಗೆ ಹೆಚ್ಚುಕಡಿಮೆ ಒಂದು ಕೆ.ಜಿ. ತೇಲುತ್ತದೆ ಎಂಬ ಲೆಕ್ಕದಲ್ಲಿ ಅದು ನನ್ನಂಥ ಇಬ್ಬರನ್ನು ಹೊರುತ್ತದೆ. ಆಮೇಲೆ 150, ಆಮೇಲೆ 120. ಸಣ್ಣ ಬೋರ್ಡಿನ ಮೇಲೆ ನಿಂತವರನ್ನು ತೇಲಿಸುವುದು ವೇಗ ಮಾತ್ರ, ವೇಗ ಬರುವವರೆಗೆ ದೊಡ್ಡ ಬೋರ್ಡ್ ಬೇಕೇ ಬೇಕು. ನಮ್ಮ ರಾಜ್ಯದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಅದನ್ನು ಹೀಗಳೆಯುವವರ ಜೊತೆ ನಾನಿಲ್ಲ. ಮುಳುಗದ ಹಾಗೆ ಹಿಡಿದಿಡಲು ಅದೂ ಬೇಕು. ಆದರೆ ಅದು ಬೋರ್ಡಿನ ಲೀಟರ್ ಲೆಕ್ಕ. ಹಾಯಿಗೆ ಗಾಳಿ ಬೇಕಾದರೆ ಸಂಬಳ ಕೊಡುವ ಅಪ್ರೆಂಟಿಸ್‌ಶಿಪ್ಪುಗಳು ಕಾರವಾರ, ಕುಮಟಾ, ಕೊಪ್ಪಳದಂಥ ಊರುಗಳಲ್ಲೂ ಹುಟ್ಟಬೇಕು, ಮತ್ತು ಎರಡು ವರ್ಷದ ಅನುಭವ ಕೇಳುವ ಕಂಪನಿ ಆ ಎರಡು ವರ್ಷ ಎಲ್ಲಿ ಸಿಗುತ್ತದೆ ಎಂದು ತಾನೇ ಹೇಳಬೇಕು. ಅಪ್ರೆಂಟಿಸ್ ಕಾಯ್ದೆ ನಮ್ಮಲ್ಲಿ 1961ರಿಂದ ಇದೆ. ಅದರ ಅಡಿಯಲ್ಲಿ ಎಂಜಿನಿಯರಿಂಗ್ ಪದವೀಧರರಿಗೂ ಅವಕಾಶವಿದೆ ಎಂದು ನನ್ನ ಕ್ಲಾಸಿನಲ್ಲಿ ಹೇಳಿದಾಗ, ಅದು ಐ.ಟಿ.ಐ.ಯವರಿಗೆ ಮಾತ್ರ ಎಂದು ಮುಕ್ಕಾಲು ಪಾಲು ಜನ ನನ್ನೊಡನೆ ವಾದಕ್ಕೆ ಇಳಿದರು. ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಆವಿಯ ಕಥೆಯ ಬದಲು ಇದನ್ನು ಹದಿನೈದು ನಿಮಿಷ ಹೇಳಬಹುದಿತ್ತು.

ಅತ್ತೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸರಳ. ಕೆಲಸ ಸಿಗುವುದಿಲ್ಲ ಅತ್ತೆ, ಎಂದೆ. “ಮತ್ತೆ ಎಂತಕ್ಕೆ ಹೋಗುದು?” ಎಂದರು. ಬೋರ್ಡ್ ಏಳುವಾಗ ಬರುವ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಲು ನೋಡಿದೆ. ಅವರಿಗೆ ಒಗ್ಗರಣೆಯ ನೆನಪಾಯಿತಂತೆ, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅಡುಗೆಮನೆಗೆ ಎದ್ದು ಹೋದರು.

ಮುಂದಿನ ಕಾಲು ಈಗ ಪಟ್ಟಿಯೊಳಗೆ ಹೋಗುತ್ತದೆ. ಹಿಂದಿನದು ಇನ್ನೂ ಇಲ್ಲ. ಜೂನ್ ಒಂದಕ್ಕೆ ಯಾಂತ್ರಿಕ ದೋಣಿಗಳೇ ದಡ ಸೇರುತ್ತವೆ, ನಮ್ಮ ಬೋರ್ಡುಗಳೂ ಶೆಡ್ಡಿಗೆ. ಅಷ್ಟರೊಳಗೆ ಉಳಿದಿರುವುದು ಎರಡು ಭಾನುವಾರ. ಸೆಮಿಸ್ಟರ್ ಪರೀಕ್ಷೆಯ ಟೈಮ್ ಟೇಬಲ್ ಬಂದಿದೆ, ಎರಡೂ ಭಾನುವಾರಗಳ ಮಾರನೆಯ ದಿನ ಪೇಪರ್ ಇಲ್ಲ.